ಬೆನ್ನು ತಿರುಗಿಸಿ ಓಟ ಕಲಿಸಿದವರು

ಕರ್ಪೂರದ ವಾಸನೆ ಬಂದರೆ ಬೇರೆಯವರಿಗೆ ದೇವರು ನೆನಪಾಗಬಹುದು. ನನಗೆ ಒಂದು ಬೆನ್ನು ನೆನಪಾಗುತ್ತದೆ. ಬಿಳಿ ಅಂಗಿಯಲ್ಲಿ ಹಿಡಿಸದಷ್ಟು ಅಗಲವಾದ, ನಡುವೆ ಬೆವರಿನ ಗೆರೆ ಇಳಿದ, ಯಾವಾಗಲೂ ನಮ್ಮ ಕಡೆಗೇ ಇದ್ದ ಬೆನ್ನು...

ಮೊನ್ನೆ ಬೆಳಿಗ್ಗೆ ಅಥಣಿಯ ಮೈದಾನದಲ್ಲಿ ಆ ವಾಸನೆ ಬಂತು. ನನ್ನ ತಂಗಿಯ ಮಗಳು ಕಟ್ಟೆಯ ಮೇಲೆ ಕುಳಿತು ಮೊಣಕಾಲಿನ ಕೆಳಗೆ ಯಾವುದೋ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ಓಡುವುದಕ್ಕೆ ಶುರು ಮಾಡಿ ಇನ್ನೂ ತಿಂಗಳಾಗಿಲ್ಲ, ಆಗಲೇ ಕಾಲು ಹಿಡಿದುಕೊಂಡು ಕುಳಿತಿದ್ದಾಳೆ. ಪಕ್ಕದಲ್ಲಿ ಬಣ್ಣದ ಬನಿಯನ್ ತೊಟ್ಟ ಒಬ್ಬ ತರುಣ. ಕೋಚ್ ಅಂತೆ. ಅವಳು ಓಡುವುದನ್ನು ಮೊಬೈಲಿನಲ್ಲಿ ಹಿಡಿದು, ಅದನ್ನು ನಿಧಾನ ಮಾಡಿ, ಹಿಂದೆ ತಂದು ಮುಂದೆ ಬಿಟ್ಟು, "ಇಲ್ಲಿ ನೋಡ್ರಿ, ಹಿಮ್ಮಡ ಹೆಂಗ ಬೀಳಾಕತ್ತೇತಿ" ಎಂದು ತೋರಿಸುತ್ತಿದ್ದ. ಇಬ್ಬರೂ ತಲೆ ತಾಗಿಸಿಕೊಂಡು ಬಗ್ಗಿ ನೋಡುತ್ತಿದ್ದರು. ಹಿಮ್ಮಡಿ ನೆಲಕ್ಕೆ ತಾಗುವುದನ್ನು ಇಷ್ಟು ಭಕ್ತಿಯಿಂದ ನೋಡಿದವರನ್ನು ನಾನು ಕಂಡಿಲ್ಲ. ಅದಕ್ಕೆ ಮೊಬೈಲು ಯಾಕೆ ಬೇಕು? ಅವಳು ಓಡುವಾಗ ಆ ಧಪ್ ಧಪ್ ನನಗೆ ಮೈದಾನದ ಆಚೆ ತುದಿಯಿಂದ ಕೇಳಿಸಿತ್ತು. ಅವರಿಬ್ಬರಿಗೆ ಕೇಳಿಸಿರಲಿಲ್ಲ. ಒಬ್ಬಳ ಕಿವಿಯಲ್ಲಿ ಹಾಡು, ಇನ್ನೊಬ್ಬನ ಜೀವವೆಲ್ಲ ಮೊಬೈಲಿನಲ್ಲಿ.

"ಮೇಡಂ, ಆಕಿದು ಫಾರ್ಮ್ ಸುಧಾರಿಸಬೇಕ್ರಿ" ಎಂದು ಆ ತರುಣ ನನಗೆ ತಿಳಿಸಿದ. ಅವನ ದನಿಯಲ್ಲಿ ಮುದುಕಿಗೆ ಏನು ಗೊತ್ತಾಗಬೇಕು ಎಂಬ ದಯೆಯಿತ್ತು. ಆ ಹೊತ್ತಿಗೆ ಮೂಗಿನ ತುಂಬ ಕರ್ಪೂರ, ಕಣ್ಣ ಮುಂದೆ ಆ ಬೆನ್ನು.

ಅದು ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರ ಬೆನ್ನು.

ಹಾರೂಗೇರಿಯಲ್ಲಿ ಬಸ್ಸಿಳಿದು ಕೃಷ್ಣೆಯ ದಿಕ್ಕಿಗೆ ನಡೆದರೆ ನಮ್ಮೂರು ಸಿಗುತ್ತಿತ್ತು. ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಸೀಮೆಯಲ್ಲಿ ಆಗ ಆಟ ಎಂದರೆ ಕುಸ್ತಿ, ಗಂಡಸು ಎಂದರೆ ಪೈಲವಾನ. ಡ್ರಿಲ್ ಮಾಸ್ತರರೂ ಕೊಲ್ಲಾಪುರದ ಕಡೆಯ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹಾಲು ಬಾದಾಮಿ ತಿಂದು ಬೆಳೆದವರು. ಮೊಣಕಾಲು ಕೆಟ್ಟು ಕುಸ್ತಿ ಬಿಡಬೇಕಾದಾಗ ಯಾರದೋ ಕೃಪೆಯಿಂದ ನಮ್ಮ ಸಾಲೆಗೆ ಬಂದು ಬಿದ್ದಿದ್ದರು. ಎರಡೂ ಕಿವಿ ಕುಸ್ತಿಯಲ್ಲಿ ಮುರಿದು ಮುದ್ದೆಯಾಗಿದ್ದವು. ಎಳ್ಳೆಣ್ಣೆಯಲ್ಲಿ ಕರ್ಪೂರ ಕಾಸಿ ದಿನವೂ ಮೊಣಕಾಲಿಗೂ ಆ ಕಿವಿಗಳಿಗೂ ಹಚ್ಚಿಕೊಳ್ಳುತ್ತಿದ್ದರು. ಅವರು ವರಾಂಡದಲ್ಲಿ ಹಾದುಹೋದ ಮೇಲೂ ಆ ವಾಸನೆ ಬಹಳ ಹೊತ್ತು ಅಲ್ಲೇ ಇರುತ್ತಿತ್ತು.

ಅವರಿಗೆ ಓಟದ ಬಗ್ಗೆ ಏನೂ ಗೊತ್ತಿರಲಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಅವರ ಲೆಕ್ಕದಲ್ಲಿ ಓಟ ಎಂದರೆ ಕುಸ್ತಿಯಲ್ಲಿ ಸೋತವನು ಕಣದಿಂದ ಹೊರಗೆ ಹೋಗುವ ರೀತಿ. ಗಂಡುಹುಡುಗರನ್ನು ಸಾಲೆಯ ಹಿಂದಿನ ಕೆಂಪು ಮಣ್ಣಿನ ಕುಣಿಯಲ್ಲಿ ದಿನವೂ ಹೊರಳಾಡಿಸುತ್ತಿದ್ದರು. ತಾಲೂಕಿನ ಓಟಗಳಿಗೆ ಹೋದಾಗ ಆ ಹುಡುಗರು ಕೆಸರಿನಿಂದ ಕಾಲು ಕಿತ್ತುಕೊಳ್ಳುವವರ ಹಾಗೆ ಓಡಿ, ಕೊನೆಯವರಾಗಿ ಬಂದು, ತೊಡೆ ತಟ್ಟಿಕೊಂಡು ಮರಳುತ್ತಿದ್ದರು. ಮಾಸ್ತರರಿಗೆ ಅದರಿಂದ ಎಳ್ಳಷ್ಟೂ ಬೇಸರವಾಗುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಅವರದು ಇನ್ನೊಂದು ಘನಂದಾರಿ. ಚಿಕ್ಕಂದಿನಲ್ಲಿ ತಾಲೀಮಿಗೆ ಸೇರುವಾಗ ಮಾರುತಿ ದೇವರ ಮುಂದೆ ಆಣೆ ಮಾಡಿದ್ದರಂತೆ: ಬ್ರಹ್ಮಚಾರಿಯಾಗಿ ಇರುತ್ತೇನೆ, ಹೆಣ್ಣಿನ ಕಡೆ ಕಣ್ಣೆತ್ತಿ ನೋಡುವುದಿಲ್ಲ ಎಂದು. ಕುಸ್ತಿ ಹೋಯಿತು, ಮೊಣಕಾಲು ಹೋಯಿತು, ಹೊಟ್ಟೆ ಬಂತು. ಆಣೆ ಮಾತ್ರ ಹೋಗಲಿಲ್ಲ. ನಾವು ಎದುರಿಗೆ ಬಂದರೆ ಅವರು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಹೆಡ್‌ಮಾಸ್ತರರ ಕೋಣೆಗೆ ಯಾವಳಾದರೂ ಹುಡುಗಿ ಬಂದರೆ ಇವರು ಕಿಟಕಿಯ ಹೊರಗೆ ಏನೋ ಬಹಳ ದೊಡ್ಡದು ನಡೆಯುತ್ತಿದೆ ಎಂಬಂತೆ ನೋಡುತ್ತ ನಿಲ್ಲುತ್ತಿದ್ದರು. ಊರಿನವರು ಇದನ್ನು ದೊಡ್ಡ ಗುಣ ಎಂದು ಹೊಗಳುತ್ತಿದ್ದರು. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರ ಮುಖ ನೋಡಿದರೆ ಮುರಿದುಹೋಗುವ ವ್ರತವನ್ನು ಹೊಗಳುವ ಊರು ಎಂಥದು ಎಂದು ನನಗೆ ಆಗಲೇ ಅನಿಸುತ್ತಿತ್ತು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಮೇಲಿನಿಂದ ಹುಕುಂ ಬಂತು. ತಾಲೂಕು ಕ್ರೀಡಾಕೂಟಕ್ಕೆ ಇನ್ನು ಮುಂದೆ ಪ್ರತಿ ಸಾಲೆಯೂ ಹುಡುಗಿಯರನ್ನೂ ಕಳಿಸಲೇಬೇಕು. ಹೆಡ್‌ಮಾಸ್ತರರು ನಮ್ಮಲ್ಲಿ ನಾಲ್ವರನ್ನು ಆರಿಸಿ, ಇವರಿಗೆ ಓಡುವುದು ಕಲಿಸಿ ಎಂದು ಡ್ರಿಲ್ ಮಾಸ್ತರರಿಗೆ ಒಪ್ಪಿಸಿದರು. ರಾಯಬಾಗಕ್ಕೆ ಹೋಗಲು ಅವಕಾಶವಿದ್ದದ್ದು ಇಬ್ಬರಿಗೆ.

ನನಗೆ ರಾಯಬಾಗಕ್ಕೆ ಹೋಗಲೇಬೇಕಿತ್ತು. ಅಲ್ಲಿಯವರೆಗೆ ನಾನು ಯಾವುದರಲ್ಲೂ ಮೊದಲಿನವಳಲ್ಲ. ಲೆಕ್ಕದಲ್ಲಿ ಹಿಂದೆ, ಹಾಡಿನಲ್ಲಿ ಹಿಂದೆ, ಮನೆಯಲ್ಲಿ ಮೂರು ಜನ ಹೆಣ್ಣುಮಕ್ಕಳ ನಡುವಿನವಳು. ಓಡುವುದೊಂದೇ ಬರುತ್ತಿತ್ತು. ಹೊಲಕ್ಕೆ ಬುತ್ತಿ ಒಯ್ಯುವಾಗ ಬದುವಿನ ಮೇಲೆ ಓಡುತ್ತಿದ್ದೆ, ಯಾರೂ ನೋಡುತ್ತಿರಲಿಲ್ಲ. ಒಮ್ಮೆಯಾದರೂ ಗೊತ್ತಿದ್ದವರು ಯಾರಾದರೂ ನಾನು ಓಡುವುದನ್ನು ನೋಡಿ 'ಭೇಷ್' ಎನ್ನಲಿ ಎಂಬ ಆಸೆ. ಆ ಆಸೆ ತೀರಿಸಲು ದೇವರು ಯಾರನ್ನು ಕಳಿಸಿದ ನೋಡಿ.

ಮೊದಲ ದಿನ ಗಂಡುಹುಡುಗರನ್ನೆಲ್ಲ ಹಿಂದಿನ ಕುಣಿಗೆ ಅಟ್ಟಿ, ಈ ಕಡೆ ಯಾರೂ ಹಣಿಕಿ ಹಾಕಬಾರದು ಎಂದು ತಾಕೀತು ಮಾಡಿ ಮಾಸ್ತರರು ಮೈದಾನಕ್ಕೆ ಬಂದರು. ಮೈದಾನದ ಅಂಚಿಗೆ ಒಂದು ಬೇವಿನ ಗಿಡವಿತ್ತು. ಅದರ ಎದುರು, ನಮಗೆ ಬೆನ್ನು ಮಾಡಿ ನಿಂತರು. ಪಾಠ ಶುರುವಾಯಿತು. ಆ ಗಿಡಕ್ಕೆ ಕಿವಿ ಇದ್ದಿದ್ದರೆ ಅದು ಒಳ್ಳೆಯ ಪೈಲವಾನ ಆಗಿರುತ್ತಿತ್ತು.

"ಮುಷ್ಟಿ ಬಿಗಿ ಹಿಡೀರಿ. ಎದಿ ಮುಂದ ಮಾಡ್ರಿ. ಉಸರ ಕಟ್ರಿ. ಮುಂದಿನಾಕಿ ಕಾಲ ಮ್ಯಾಲ ಕಣ್ಣಿಡ್ರಿ, ಅತ್ತಿತ್ತ ನೋಡಬ್ಯಾಡ್ರಿ."

ಇದೆಲ್ಲ ಕುಸ್ತಿಯ ಪಾಠ ಎಂದು ನಮಗೇನು ಗೊತ್ತು? ಉಸಿರು ಕಟ್ಟಿಕೊಂಡು ಓಡಿದೆವು. ನಮ್ಮಲ್ಲಿ ಕುರುಬರ ಮನೆಯ ಹುಡುಗಿಯೊಬ್ಬಳಿದ್ದಳು, ನನ್ನ ಗೆಳತಿ. ಕುರಿಗಳ ಹಿಂದೆ ಬೆಳಗಿನಿಂದ ಸಂಜೆಯ ತನಕ ಓಡಿದರೂ ದಣಿಯದವಳು. ಮಾಸ್ತರರ ಮಾತು ಕೇಳಿ ಅರ್ಧ ಮೈದಾನಕ್ಕೇ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಳು. "ಸರ್, ಈಕಿ ಕುಂತಾಳ್ರಿ" ಎಂದು ನಾನು ಕೂಗಿದೆ. ಮಾಸ್ತರರು ಬೇವಿನ ಗಿಡದಿಂದ ಕಣ್ಣು ತೆಗೆಯದೆ "ಏಳಂತ ಹೇಳು" ಎಂದರು. ಅಷ್ಟೇ ಅವರ ಉಪಚಾರ.

ನಮ್ಮನ್ನು ನೋಡದೆ ಅವರು ತಿದ್ದುತ್ತಿದ್ದದ್ದು ಹೇಗೆ ಎಂದು ನೀವು ಕೇಳಬಹುದು. ಕಿವಿಯಿಂದ. ಆ ಮುರಿದ ಕಿವಿಯ ಹಿಂದೆ ಅಂಗೈ ಹಿಡಿದು ನಮ್ಮ ಹೆಜ್ಜೆಗಳನ್ನು ಆಲಿಸುತ್ತಿದ್ದರು. ನಮ್ಮ ಮುಖ ಅವರಿಗೆ ಗೊತ್ತಿರಲಿಲ್ಲ, ಹೆಸರೂ ನೆನಪಿರುತ್ತಿರಲಿಲ್ಲ. ಹೆಜ್ಜೆಯ ಮೇಲೆಯೇ ಹೆಸರಿಟ್ಟಿದ್ದರು. ಕುರುಬರ ಹುಡುಗಿ 'ಕುರಿ ಹೆಜ್ಜಿಯಾಕಿ'. ಗೆಜ್ಜೆ ಹಾಕಿಕೊಂಡು ಬರುತ್ತಿದ್ದವಳು 'ಗೆಜ್ಜಿಯಾಕಿ'. ಕಾಲು ಎಳೆಯುವವಳು 'ಎಳದಾಕಿ'. ನಾನು 'ಸಪ್ಪಳದಾಕಿ'.

ನಾನು ಹಾಗೆಯೇ ಓಡುತ್ತಿದ್ದೆ, ಸುಳ್ಳಲ್ಲ. ಬೇಗ ಹೋಗಬೇಕು ಎಂದು ಕಾಲನ್ನು ಆದಷ್ಟು ಮುಂದೆ ಎಸೆದು, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುತ್ತಿದ್ದೆ. ಒಂದು ಕೈಯಲ್ಲಿ ಪರಕರದ, ಅಂದರೆ ಉದ್ದ ಲಂಗದ, ಚುಂಗು, ಇನ್ನೊಂದು ಕೈ ಎದೆಯ ಮುಂದೆ ಅಡ್ಡ. ಆ ವಯಸ್ಸಿನ ಹುಡುಗಿಯರೆಲ್ಲ ಹಾಗೆಯೇ ಓಡುತ್ತಿದ್ದರು. ಯಾರಾದರೂ ನೋಡಿದರೆ ಎಂಬ ನಾಚಿಕೆ ಮೈಯನ್ನು ಗಂಟು ಹಾಕಿಬಿಟ್ಟಿರುತ್ತಿತ್ತು.

ಒಂದು ದಿನ ಮಾಸ್ತರರು ಬೇವಿನ ಗಿಡಕ್ಕೆ ತಮ್ಮ ತೀರ್ಮಾನ ತಿಳಿಸಿದರು.

"ಹೆಣ್ಣುಮಕ್ಕಳ ಹೆಜ್ಜಿ ಸಪ್ಪಳಾ ಊರಿಗೆ ಕೇಳಬಾರ್ದು. ಯಾರದು ಧಪ್ ಧಪ್ ಅಂತ ನನಗ ಕೇಳತೈತಿ, ಆಕಿ ರಾಯಬಾಗಕ್ಕ ಇಲ್ಲ. ಸಪ್ಪಳದಾಕಿ, ಕೇಳಿಸ್ತಿಲ್ಲೋ?"

ಬೇಗ ಓಡಿದವಳನ್ನು ಕಳಿಸುವುದಲ್ಲ, ಸದ್ದಿಲ್ಲದೆ ಓಡಿದವಳನ್ನು ಕಳಿಸುವುದು! ಇಂಥ ಆಯ್ಕೆಯನ್ನು ಯಾವ ದೇಶದಲ್ಲೂ ಯಾರೂ ಮಾಡಿರಲಿಕ್ಕಿಲ್ಲ. ನಾನು ಆ ನಾಲ್ವರಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದೆ. ಅದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ, ನೋಡಿದರೆ ತಾನೆ ಗೊತ್ತಾಗುವುದು. ಮನೆಗೆ ಬಂದು ಹಿತ್ತಲಲ್ಲಿ ಕುಳಿತು ಅತ್ತೆ. ಅತ್ತದ್ದು ಸಾಕಾದ ಮೇಲೆ ಸಿಟ್ಟು ಬಂತು. ಸಪ್ಪಳ ತಾನೆ ನಿನ್ನ ತೊಂದರೆ? ಸಪ್ಪಳವನ್ನೇ ತೆಗೆಯುತ್ತೇನೆ, ಆಗ ಏನು ನೆವ ಹೇಳುತ್ತೀ ನೋಡೋಣ ಎಂದುಕೊಂಡೆ.

ನಮ್ಮ ಆಯಿ, ಅಂದರೆ ಅಜ್ಜಿ, ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದಳು. ಇಲಿ ಓಡಿದರೂ ಏಳುವ ನಿದ್ದೆ ಅವಳದು. ಸಾಲೆಗೆ ಸೂಟಿ ಇದ್ದ ದಿನ ಅವಳು ಮಲಗಿದ ಮೇಲೆ ನಾನು ಮನೆಯ ಸುತ್ತ ಓಡತೊಡಗಿದೆ. ಮೊದಲ ಸುತ್ತಿಗೇ ಒಳಗಿನಿಂದ ದನಿ ಬಂತು.

"ಯಾವ ಎಮ್ಮಿ ಬಿಟ್ಟೀರಿ ಬೇ ಅಂಗಳದಾಗ?"

ಮುಂದಿನ ಸೂಟಿಗೆ ಮತ್ತೆ ಓಡಿದೆ, ಮತ್ತೆ ಎಮ್ಮೆಯಾದೆ. ಹೀಗೆ ಎಷ್ಟು ಮಧ್ಯಾಹ್ನಗಳು ಹೋದವೋ... ಹೇಳಿಕೊಡುವವರು ಯಾರೂ ಇಲ್ಲದ್ದರಿಂದ ಒಂದೊಂದನ್ನೇ ಬಿಡುತ್ತ, ಒಂದೊಂದನ್ನೇ ಹಿಡಿಯುತ್ತ ನೋಡಿದೆ. ಕಾಲನ್ನು ಮುಂದಕ್ಕೆ ಎಸೆದರೆ ಸಪ್ಪಳ ಬರುತ್ತದೆ. ಹೆಜ್ಜೆಯನ್ನು ಚಿಕ್ಕದು ಮಾಡಿ, ಪಾದವನ್ನು ಹೊಟ್ಟೆಯ ಕೆಳಗೇ ಇಟ್ಟರೆ ಬರುವುದಿಲ್ಲ. ಚಿಕ್ಕ ಹೆಜ್ಜೆಯಾದರೆ ಹಿಂದೆ ಬೀಳುತ್ತೇನೆ ಎಂದುಕೊಂಡಿದ್ದೆ. ಬೀಳಲಿಲ್ಲ, ಹೆಜ್ಜೆಗಳೇ ಬೇಗ ಬೇಗ ಬರತೊಡಗಿದವು. ಕೆಳಗೆ ನೋಡುತ್ತ ಓಡಿದರೆ ತಲೆಯ ಭಾರವೆಲ್ಲ ಕಾಲಿಗೆ ಬರುತ್ತದೆ, ದೂರದ ಹುಲ್ಲಿನ ಬಣವೆ ನೋಡುತ್ತ ಓಡಿದರೆ ಮೈ ಹಗುರ. ಮುಷ್ಟಿ ಬಿಗಿ ಹಿಡಿದರೆ ಹೆಗಲು ಕಿವಿಯ ತನಕ ಏರಿ ಕೂರುತ್ತದೆ. ಬೆರಳುಗಳನ್ನು ಗುಬ್ಬಿಮರಿ ಹಿಡಿದ ಹಾಗೆ ಸಡಿಲ ಬಿಟ್ಟರೆ ಕುತ್ತಿಗೆಯೂ ಸಡಿಲ. ಪರಕರವನ್ನು ಕೈಯಲ್ಲಿ ಹಿಡಿಯುವುದು ಬಿಟ್ಟು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಒಳಗೆ ಅಣ್ಣನ ಚಡ್ಡಿ. ಮಾಸ್ತರರು ಹೇಳಿದ ಎಲ್ಲವನ್ನೂ ತಿರುವಿ ಮಾಡಿದಾಗ ಓಟ ಸರಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಎಷ್ಟು ಸುತ್ತಿದರೂ ಒಳಗಿನಿಂದ ದನಿ ಬರಲಿಲ್ಲ. ಆಯಿ ಸತ್ತಳೇನೋ ಎಂದು ಹೆದರಿ ಒಳಗೆ ಹೋಗಿ ನೋಡಿದರೆ ಗೊರಕೆ ಹೊಡೆಯುತ್ತಿದ್ದಳು. ಎದ್ದ ಮೇಲೆ ವಿಷಯ ಹೇಳಿದೆ. ಅವಳಿಗೆ ಬಹಳ ಸಂತೋಷವಾಯಿತು. "ಛಲೋ ಆತ ಬಿಡು. ಹಗುರ ಹೆಜ್ಜಿ ಇಟ್ರ ಇರಿವಿ ಸಾಯಂಗಿಲ್ಲ" ಎಂದಳು. ನಾವು ಜೈನರು, ಅವಳ ಚಿಂತೆ ಇರುವೆಗಳದು. ಮಾಸ್ತರರ ಚಿಂತೆ ಊರಿನ ಮಾನದ್ದು. ನನ್ನ ಕಾಲಿನ ಚಿಂತೆ ನನ್ನೊಬ್ಬಳಿಗೇ ಬಿಟ್ಟಿದ್ದು.

ಒಂದು ಮಾತು ಮಾತ್ರ ಹೇಳಲೇಬೇಕು. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಆ ಮೈದಾನದಲ್ಲಿ ನಮ್ಮನ್ನು ನೋಡುವವರು ಯಾರೂ ಇರಲಿಲ್ಲವಲ್ಲ, ಹುಡುಗರು ಕುಣಿಯಲ್ಲಿ, ಮಾಸ್ತರರು ಬೇವಿನ ಗಿಡದಲ್ಲಿ... ನಾಚಿಕೆ ಪಡುವುದಾದರೂ ಯಾರ ಮುಂದೆ? ಎದೆಯ ಮುಂದಿನ ಕೈ ತಾನಾಗಿಯೇ ಕೆಳಗಿಳಿಯಿತು. ಮೊಣಕೈಗಳು ಪಕ್ಕೆಗೆ ಹೊಂದಿಕೊಂಡು ಹಿಂದೆ ಮುಂದೆ ಆಡತೊಡಗಿದವು. ನಾವು ನಾಲ್ವರೂ ತಲೆಯೆತ್ತಿ, ಬಾಯಿ ತೆರೆದು, ನಗುತ್ತ ಓಡಿದೆವು. ನಮ್ಮೂರಿನಲ್ಲಿ ಹುಡುಗಿಯರಿಗೆ ಅಂಥ ಜಾಗ ಇನ್ನೊಂದಿರಲಿಲ್ಲ. ಅದು ಮಾಸ್ತರರು ಬೇಕೆಂದು ಕೊಟ್ಟದ್ದಲ್ಲ, ಅವರ ಹುಚ್ಚುತನದ ದೆಸೆಯಿಂದ ಸಿಕ್ಕದ್ದು. ಉಪಕಾರದ ಲೆಕ್ಕಕ್ಕೆ ಅದನ್ನು ನಾನು ಸೇರಿಸುವುದಿಲ್ಲ.

ಆರಿಸುವ ದಿನ ಬಂತು. ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಬೇವಿನ ಗಿಡದ ಹತ್ತಿರವೇ ಓಡಿಸಿ ಕೇಳಿದರು. ನನ್ನ ಸರದಿ ಬಂದಾಗ ಅವರು ಕಿವಿಯ ಹಿಂದಿನ ಕೈಯನ್ನು ತೆಗೆದು, ಮತ್ತೆ ಹಿಡಿದು, ಕುತ್ತಿಗೆ ಬಾಗಿಸಿದರು. ನಾನು ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ.

"ಸಪ್ಪಳದಾಕಿ ಹೆಜ್ಜಿ ಈಗ ಹೆಣ್ಣಿನ ಹೆಜ್ಜಿ ಆಗೇತಿ" ಎಂದರು ಗಿಡಕ್ಕೆ. "ಆಕಿನ್ನೂ ಕುರಿ ಹೆಜ್ಜಿಯಾಕಿನ್ನೂ ಕರಕೊಂಡ ಹೋಗೂಣು."

ಭೇಷ್ ಎನ್ನಲಿಲ್ಲ. ಹೋಗಲಿ, ತಂಡಕ್ಕೆ ಸೇರಿದೆನಲ್ಲ. ನಿಜವಾದ ಓಟದ ದಿನ ಎಷ್ಟು ಹೊತ್ತು ಬೆನ್ನು ತಿರುಗಿಸಿ ನಿಂತಾನು, ತನ್ನ ಸಾಲೆಯ ಹುಡುಗಿ ಮುಂದೆ ಬರುವಾಗ ಯಾವ ಮನುಷ್ಯ ತಿರುಗಿ ನೋಡದೆ ಇದ್ದಾನು ಎಂದು ಲೆಕ್ಕ ಹಾಕಿದ್ದೆ. ಮಾರುತಿಯಾದರೂ ಒಂದು ಸಲ ಕ್ಷಮಿಸುತ್ತಿದ್ದ.

ರಾಯಬಾಗದ ಮೈದಾನದಲ್ಲಿ ಆ ದಿನ ಜನ ಕಿಕ್ಕಿರಿದಿದ್ದರು. ಬೇರೆ ಸಾಲೆಗಳ ಮಾಸ್ತರರು ಸುಣ್ಣದ ಗೆರೆಯ ಪಕ್ಕದಲ್ಲೇ ನಿಂತು ತಮ್ಮ ಹುಡುಗಿಯರ ಜೊತೆ ತಾವೂ ಓಡುತ್ತ, ಕೈ ಬೀಸುತ್ತ ಕೂಗುತ್ತಿದ್ದರು. ನಮ್ಮವರು ಮೈದಾನದ ತಿರುವಿನಲ್ಲಿ ಒಂದು ಹುಣಸೆ ಗಿಡ ಹುಡುಕಿಕೊಂಡರು. ಅದಕ್ಕೆ ಮುಖ ಮಾಡಿ, ಓಟಕ್ಕೆ ಬೆನ್ನು ಮಾಡಿ, ಕಿವಿಯ ಹಿಂದೆ ಅಂಗೈ ಹಿಡಿದು ನಿಂತರು. ಜನ ನಗುತ್ತಿದ್ದರು. "ಏ, ಆ ಮಾಸ್ತರ ಯಾಕ ಗಿಡದ ಕೂಡ ಮಾತಾಡಾಕತ್ತಾನ?" ಎಂದು ಯಾರೋ ಕೇಳಿದ್ದು ನನಗೂ ಕೇಳಿಸಿತು. ನೆಲದೊಳಗೆ ಇಳಿದುಹೋಗಲೇ ಎನಿಸಿತು.

ಎಂಟುನೂರು ಮೀಟರಿನ ಓಟ, ಮೈದಾನಕ್ಕೆ ಎರಡು ಸುತ್ತು. ಪಿಸ್ತೂಲು ಹಾರುತ್ತಲೇ ಎಲ್ಲರೂ ಗಾಬರಿಬಿದ್ದ ದನಗಳ ಹಾಗೆ ನುಗ್ಗಿದರು. ನಾನು ಹಿಂದೆ ಉಳಿದೆ. ಹೆಜ್ಜೆ ಚಿಕ್ಕದು, ಕೈ ಸಡಿಲ, ಕಣ್ಣು ದೂರದ ನೀರಿನ ಟಾಕಿಯ ಮೇಲೆ. ಮೊದಲ ಸುತ್ತು ಮುಗಿಯುವುದರೊಳಗೆ ಮುಂದಿನವರ ಕಾಲುಗಳು ನೆಲ ಕುಟ್ಟತೊಡಗಿದವು. ಒಬ್ಬೊಬ್ಬರನ್ನೇ ದಾಟಿದೆ. ಯಾರಿಗೂ ನಾನು ಬಂದದ್ದು ಗೊತ್ತಾಗುತ್ತಿರಲಿಲ್ಲ, ಪಕ್ಕಕ್ಕೆ ಬಂದ ಮೇಲೆ ಬೆಚ್ಚಿ ನೋಡುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಹುಣಸೆ ಗಿಡದ ತಿರುವಿಗೆ ಬಂದಾಗ ನನ್ನ ಮುಂದೆ ಯಾರೂ ಇರಲಿಲ್ಲ.

ಅಲ್ಲಿ ಮಾಸ್ತರರು ಗಿಡಕ್ಕೆ ಬೈಯುತ್ತಿದ್ದರು.

"ಸಪ್ಪಳದಾಕೀ! ಎಲ್ಲಿ ಅದೀ ಲೇ? ಬಿದ್ದೇನ? ಬಿದ್ಲು ನೋಡ್ರಿ, ಬಿದ್ಲು!"

ಕೈ ಚಾಚಿದರೆ ಅವರ ಅಂಗಿ ಸಿಗುವಷ್ಟು ಹತ್ತಿರದಲ್ಲಿ ನಾನು ಓಡುತ್ತಿದ್ದೆ. ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಇಲ್ಲೇ ಇದ್ದೇನೆ, ತಿರುಗಿ ನೋಡ್ರಿ ಎಂದು ಕೂಗಬೇಕೆನಿಸಿತು. ಉಸಿರಿರಲಿಲ್ಲ. ಆ ಬೆನ್ನು ಅಲುಗಲಿಲ್ಲ. ದಾಟಿ ಹೋದೆ. ನನ್ನ ಹಿಂದೆ ಬರುತ್ತಿದ್ದವರ ಧಪ್ ಧಪ್ ಅವರಿಗೆ ಚೆನ್ನಾಗಿ ಕೇಳಿಸಿರಬೇಕು.

ಮೊದಲನೆಯವಳಾಗಿ ಬಂದೆ. ಜನ ಚಪ್ಪಾಳೆ ಹೊಡೆದರು, ಯಾರೋ ಬೆಲ್ಲ ಕೊಟ್ಟರು, ಬಹುಮಾನವೆಂದು ಸ್ಟೀಲಿನ ತಂಬಿಗೆ ಕೊಟ್ಟರು. ಹುಣಸೆ ಗಿಡದ ಹತ್ತಿರ ಹೋಗಿ ನೋಡಿದರೆ ಮಾಸ್ತರರು ಇಲ್ಲ. ನಾನು ಬಿದ್ದೆ ಎಂದು ತಾವೇ ತೀರ್ಮಾನಿಸಿ, ಸಿಟ್ಟಾಗಿ, ಓಟ ಮುಗಿಯುವ ಮೊದಲೇ ಬಸ್ ಸ್ಟ್ಯಾಂಡಿನ ಕಡೆ ಹೋಗಿಬಿಟ್ಟಿದ್ದರು. ತಂಬಿಗೆಯನ್ನು ಎದೆಗೆ ಅವಚಿಕೊಂಡು ಹುಡುಕುತ್ತ ಹೋದೆ. ಒಂದು ಚಹಾದಂಗಡಿಯ ಬಾಕಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು.

"ಸರ್" ಎಂದೆ.

"ಯಾರವಾ?"

"ನಾನ್ರಿ. ಸಪ್ಪಳದಾಕಿ."

"ಎಲ್ಲಿ ಬಿದ್ದಿ?"

"ಬಿದ್ದಿಲ್ರಿ. ಫಸ್ಟ್ ಬಂದೇನ್ರಿ."

ಬಸಿ ಬಾಯಿಯ ಹತ್ತಿರವೇ ನಿಂತಿತು.

"ಸುಳ್ಳ ಹೇಳಬ್ಯಾಡ. ನನಗ ಕೇಳಲೇ ಇಲ್ಲ."

"ಕೇಳಬಾರ್ದಂತ ನೀವ ಹೇಳಿದ್ರೆಲ್ಲರಿ!"

ನನ್ನ ದನಿ ಏರಿತ್ತು. ಅಂಗಡಿಯವನೂ ಗಿರಾಕಿಗಳೂ ತಿರುಗಿ ನೋಡಿದರು. ಎಲ್ಲರೂ ನೋಡಿದರು, ಅವರೊಬ್ಬರನ್ನು ಬಿಟ್ಟು. ನಾನು ತಂಬಿಗೆಯನ್ನು ಬಾಕಿನ ಮೇಲೆ ಅವರ ಪಕ್ಕದಲ್ಲಿ ಕುಕ್ಕಿದೆ. ಆ ಸಪ್ಪಳ ಮಾತ್ರ ಚೆನ್ನಾಗಿ ಕೇಳಿಸಿತು. ಅವರ ದಪ್ಪ ಕೈ ಬಂದು ತಂಬಿಗೆಯನ್ನು ಮುಟ್ಟಿತು. ಅಂಚನ್ನು ಸವರಿತು, ಹೊಟ್ಟೆಯನ್ನು ಸವರಿತು. ಕುತ್ತಿಗೆ ಸ್ವಲ್ಪ ಹೊರಳಿತು. ಮುರಿದ ಕಿವಿ ಕಂಡಿತು, ಆಮೇಲೆ ದವಡೆ, ಮೀಸೆಯ ತುದಿ... ಈಗ ನೋಡುತ್ತಾರೆ, ಈಗ ನೋಡುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಕುತ್ತಿಗೆ ಮತ್ತೆ ಗೋಡೆಯ ಕಡೆ ಹೋಯಿತು.

"ಹುಡಿಗಿಗೊಂದ ಚಹಾ ಕೊಡ್ರಿ" ಎಂದರು ಗೋಡೆಗೆ.

ನಾನು ಆ ಚಹಾ ಕುಡಿಯಲಿಲ್ಲ. ಅವರು ಹೇಡಿ ಎಂದು ಆ ದಿನ ನನಗೆ ಖಾತ್ರಿಯಾಯಿತು. ದೊಡ್ಡ ದೊಡ್ಡ ಪೈಲವಾನರನ್ನು ಎತ್ತಿ ಒಗೆದವರಿಗೆ ಒಬ್ಬಳು ಹುಡುಗಿಯ ಮುಖ ನೋಡುವ ಧೈರ್ಯ ಇರಲಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮುಂದೆ ಚಿಕ್ಕೋಡಿಯ ದೊಡ್ಡ ಕೂಟಕ್ಕೂ ಹೋದೆ, ನಾಲ್ಕನೆಯವಳಾದೆ. ಅಲ್ಲಿಯೂ ಅವರು ಒಂದು ಕಾಂಪೌಂಡ್ ಗೋಡೆ ಹುಡುಕಿಕೊಂಡಿದ್ದರು. ಹತ್ತನೆಯ ಇಯತ್ತೆ ಮುಗಿಯುವುದರೊಂದಿಗೆ ನನ್ನ ಓಟವೂ ಮುಗಿಯಿತು. ನಾನು ಟ್ರೇನಿಂಗ್ ಮಾಡಿ ಪ್ರಾಥಮಿಕ ಸಾಲೆಯಲ್ಲಿ ಶಿಕ್ಷಕಿಯಾದೆ, ಅಥಣಿಗೆ ಸೊಸೆಯಾಗಿ ಬಂದೆ. ಮಕ್ಕಳು ಓಡುವಾಗ ಯಾವಳಾದರೂ ಧಪ್ ಧಪ್ ಮಾಡಿದರೆ ಕರೆದು ಹೆಜ್ಜೆ ಚಿಕ್ಕದು ಮಾಡಲು ಹೇಳುತ್ತಿದ್ದೆ. ಎದುರಿಗೆ ನಿಲ್ಲಿಸಿಕೊಂಡು, ಮುಖ ನೋಡಿ ಹೇಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಮಾಸ್ತರರು ತೀರಿಕೊಂಡ ಸುದ್ದಿ ಬಂತು. ಹೋಗಬಾರದು ಎಂದುಕೊಂಡೇ ಸೀರೆ ಉಟ್ಟುಕೊಂಡೆ. ಅವರ ಊರಿನ ಮನೆಯ ಅಂಗಳದಲ್ಲಿ, ಅವರ ಜನರ ಪದ್ಧತಿಯಂತೆ, ಹೆಣವನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ತಲೆಗೆ ಹೊಸ ಪಟಗಾ, ಹಣೆ ತುಂಬ ವಿಭೂತಿ. ಎದುರಿಗೆ ಊರಿನ ಹೆಣ್ಣುಮಕ್ಕಳೆಲ್ಲ ಕುಳಿತು ಅಳುತ್ತಿದ್ದರು. ನಾನು ಅವರ ನಡುವೆ ಹೋಗಿ ಕುಳಿತೆ. ಮೊದಲ ಸಲ ಆ ಮುಖವನ್ನು ಎದುರಿನಿಂದ ನೋಡಿದೆ. ಗದ್ದದ ಮೇಲೆ ಒಂದು ಚಿಕ್ಕ ಮಚ್ಚೆ ಇತ್ತು. ಅದು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಕೊನೆಗೂ ನನ್ನ ಕಡೆ ಮುಖ ಮಾಡಿ ಕುಳಿತಿದ್ದರು, ಕಣ್ಣು ಮುಚ್ಚಿಕೊಂಡು.

ಅವರ ಅಕ್ಕ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಯಾವ ಊರಿನಾಕಿ ಎಂದು ಕೇಳಿದಳು. ಊರಿನ ಹೆಸರು ಹೇಳುತ್ತಲೇ ನನ್ನ ಕೈ ಹಿಡಿದುಕೊಂಡಳು.

"ಆ ರಾಯಬಾಗದಾಗ ಫಸ್ಟ್ ಬಂದಾಕಿ ನೀನ ಏನವಾ? ಬಂದವರಿಗೆಲ್ಲಾ ಹೇಳತಿದ್ದ ನೋಡವಾ ನಮ್ಮ ತಮ್ಮ. ಎದಿ ಮುಂದ ಮಾಡಿ, ಮುಷ್ಟಿ ಬಿಗಿ ಹಿಡದು, ಉಸರ ಕಟ್ಟಿ ಹೆಂಗ ಓಡತಿದ್ಲು, ನೋಡೂವಂಗಿತ್ತು ಅಂತ."

ಒಂದೂ ನಿಜವಲ್ಲ. ನಾನು ಹಾಗೆ ಓಡಲೇ ಇಲ್ಲ. ನೋಡದ ಓಟವನ್ನು ನೋಡಿದಂತೆ, ತಾನು ಕಲಿಸಿದ ತಪ್ಪುಗಳನ್ನೆಲ್ಲ ಅದರಲ್ಲಿ ತುಂಬಿ, ಅಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಸುಳ್ಳುಗಾರ. ನೋಡಬೇಕು ಎಂದು ಅಷ್ಟು ಆಸೆ ಇದ್ದಿದ್ದರೆ ಒಂದು ಸಲ ತಿರುಗಬೇಕಿತ್ತು. ನಾನು ಅಲ್ಲೇ ಇದ್ದೆನಲ್ಲ, ಅಂಗಿಗೆ ಕೈ ತಾಗುವಷ್ಟು ಹತ್ತಿರದಲ್ಲಿ... ನನಗೆ ಅಳು ಬಂತು. ಅಳುವವರ ನಡುವೆ ನನ್ನ ಅಳು ಯಾರಿಗೂ ವಿಶೇಷ ಅನಿಸಲಿಲ್ಲ.

ನಾನು ಹೇಗೆ ಓಡುತ್ತಿದ್ದೆ ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಆಯಿ ಹೋದಳು. ಕುರುಬರ ಹುಡುಗಿ ಕಾಗವಾಡದ ಕಡೆ ಮದುವೆಯಾಗಿ ಹೋದವಳು ಮತ್ತೆ ಸಿಗಲಿಲ್ಲ, ಉಳಿದಿಬ್ಬರೂ ಎಲ್ಲಿದ್ದಾರೋ. ಇದ್ದೊಬ್ಬ ಗುರು ಕಿವಿಯಲ್ಲೇ ಎಲ್ಲ ಮುಗಿಸಿಬಿಟ್ಟ.

ಮೊನ್ನೆ ಆ ಕೋಚ್ ತರುಣ ಬೇರೆ ಯಾರದೋ ಹಿಮ್ಮಡಿ ಹಿಡಿಯಲು ಆ ಕಡೆ ಹೋದ ಮೇಲೆ ನಾನು ತಂಗಿಯ ಮಗಳ ಕಿವಿಯಿಂದ ಹಾಡಿನ ಗುಂಡಿಗಳನ್ನು ತೆಗೆಸಿದೆ. ಕಾಲು ಮುಂದೆ ಎಸೆಯಬೇಡ, ಹೊಟ್ಟೆಯ ಕೆಳಗೆ ಇಡು, ಬೆರಳು ಸಡಿಲ ಬಿಡು ಎಂದೆ. ಅವಳು ನಕ್ಕಳು.

"ನಿಮಗ ಇದೆಲ್ಲಾ ಹೆಂಗ ಗೊತ್ತು, ದೊಡ್ಡವ್ವಾ?"

"ಒಬ್ಬ ಹುಚ್ಚ ಕಲಿಸಿದ್ದ. ಓಡು. ನಿನ್ನ ಕಾಲಿನ ಸಪ್ಪಳಾ ನಿನಗ ಕೇಳಬಾರ್ದು."

ಅವಳು ಓಡತೊಡಗಿದಳು. ನಾನು ಅವಳಿಗೆ ಬೆನ್ನು ಮಾಡಿ ಮೈದಾನದ ಬೇಲಿಯ ಕಡೆ ಮುಖ ಮಾಡಿ ನಿಂತೆ. ಕೇಳಿದರೆ ಸಾಕು, ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೊದಲ ಸುತ್ತಿನಲ್ಲಿ ಧಪ್ ಧಪ್. "ಹೆಜ್ಜಿ ಸಣ್ಣದ ಮಾಡು" ಎಂದು ಬೇಲಿಗೆ ಕೂಗಿದೆ. ಎರಡನೆಯ ಸುತ್ತಿನಲ್ಲಿ ಸಪ್ಪಳ ತಗ್ಗಿತು. ಮೂರನೆಯ ಸುತ್ತಿನಲ್ಲಿ ಇನ್ನೂ ತಗ್ಗಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಿದ್ದಳೋ, ನಿಂತಳೋ, ನನ್ನ ಹಿಂದೆಯೇ ಬರುತ್ತಿದ್ದಾಳೋ.

ನಾನು ತಿರುಗಿ ನೋಡಿದೆ.